ಗೋಡೆಪಟದ ಹಲ್ಲು, ಬಾಯೊಳಗಿನ ಹಲ್ಲು

ಶಾಲೆಯ ಕೊಠಡಿಯಲ್ಲೋ ಆರೋಗ್ಯ ಕೇಂದ್ರದ ಗೋಡೆಯ ಮೇಲೋ ತೂಗುಹಾಕಿದ ದಂತ ಆರೋಗ್ಯದ ಪಟವನ್ನು ನೀವು ನೋಡಿಯೇ ಇರುತ್ತೀರಿ. ವಿವರಗಳು ಅಲ್ಲಲ್ಲಿ ಬದಲಾದರೂ ಮಾದರಿ ಒಂದೇ. ಒಂದು ಚೌಕದಲ್ಲಿ ನಗುಮುಖದ ಬಿಳಿಯ ಹಲ್ಲು. ಪಕ್ಕದಲ್ಲಿ ಅಳುಮುಖದ ಹಲ್ಲು. ಅದರ ನೆತ್ತಿಯ ಮೇಲೆ ಗುದ್ದಲಿ ಹಿಡಿದು ಗುಂಡಿ ತೋಡುತ್ತಿರುವ ಒಂದು ಕರಿಯ ಹುಳು. ಇನ್ನೊಂದು ಚೌಕದಲ್ಲಿ ಬ್ರಷ್ಷಿನ ತುದಿಯಿಂದ ತುದಿಯವರೆಗೆ ಅಲೆಯಲೆಯಾಗಿ ಕುಳಿತ ಪೇಸ್ಟು. ಕೆಳಗೆ ನಾಲ್ಕು ಸೂಚನೆಗಳು: ದಿನಕ್ಕೆರಡು ಬಾರಿ ಹಲ್ಲುಜ್ಜಿ, ಊಟವಾದ ಕೂಡಲೇ ಹಲ್ಲುಜ್ಜಿ, ಸಿಹಿ ತಿನ್ನಬೇಡಿ, ಆರು ತಿಂಗಳಿಗೊಮ್ಮೆ ದಂತವೈದ್ಯರನ್ನು ಕಾಣಿ.

ಈ ಪಟವನ್ನು ವಿಮರ್ಶೆಗೆ ಎತ್ತಿಕೊಳ್ಳುವಷ್ಟು ಅದರಲ್ಲೇನಿದೆ ಎಂದು ನೀವು ಕೇಳಬಹುದು. ಮಕ್ಕಳಿಗಾಗಿ ಬರೆದ ಚಿತ್ರ, ಅಷ್ಟೇ ತಾನೆ? ಆದರೆ ಆ ಮಗು ಬೆಳೆದು ನಲವತ್ತು ದಾಟಿದ ಮೇಲೂ ಹಲ್ಲಿನ ಬಗ್ಗೆ ಅದರ ತಲೆಯಲ್ಲಿ ಇರುವುದು ಇದೇ ನಾಲ್ಕು ವಾಕ್ಯ. ಆಮೇಲೆ ಈ ವಿಷಯವನ್ನು ಯಾವ ತರಗತಿಯಲ್ಲೂ ಯಾರೂ ಹೇಳಿಕೊಡುವುದಿಲ್ಲ. ಆ ಖಾಲಿ ಜಾಗವನ್ನು ತುಂಬುವುದು ದೂರದರ್ಶನದ ಜಾಹೀರಾತು. ಹಾಲುಹಲ್ಲು ಬಿದ್ದರೆ ಇನ್ನೊಂದು ಬರುತ್ತದೆ, ಬೆಳೆದವರ ಹಲ್ಲಿಗೆ ಆ ರಿಯಾಯಿತಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲುಗಳಲ್ಲಿ ಚಿಕಿತ್ಸೆ ಕಾಣದ ಹುಳುಕಿದೆ. ಇವರಲ್ಲಿ ಬಹುಮಂದಿ ಹಲ್ಲುಜ್ಜದವರೇನಲ್ಲ. ಹಾಗಾದರೆ ಪಟದ ಪಾಠದಲ್ಲಿ ಎಲ್ಲೋ ಕೊರತೆ ಇರಬೇಕು.

ಮೊದಲು ಆ ಹುಳುವನ್ನೇ ನೋಡೋಣ. ಕನ್ನಡದ 'ಹುಳುಕು' ಎಂಬ ಪದದಲ್ಲೇ ಹುಳು ಕುಳಿತಿದೆ. ಹಲ್ಲಿನೊಳಗೆ ಹುಳು ಸೇರಿ ಕೊರೆಯುತ್ತದೆ ಎಂಬ ನಂಬಿಕೆ ಬಹಳ ದೇಶಗಳಲ್ಲಿ ಸಾವಿರಾರು ವರ್ಷ ಬಾಳಿತು. ನಮ್ಮಲ್ಲಿ ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಹೊಗೆಯನ್ನು ಬಾಯಿಗೆ ಹಿಡಿಸುವ ಪದ್ಧತಿಯಿತ್ತು. ಯೂರೋಪಿನಲ್ಲಿ ಇದೇ ಕೆಲಸಕ್ಕೆ ಹೆನ್‌ಬೇನ್ ಎಂಬ ಗಿಡದ ಬೀಜ ಬಳಸುತ್ತಿದ್ದರು. ಬಿಸಿಗೆ ಬೀಜ ಸಿಡಿದು ಒಳಗಿನ ಬಿಳಿಯ ಭ್ರೂಣ ಸುರುಳಿಯಾಗಿ ಹೊರಬೀಳುತ್ತಿತ್ತು. ಅದನ್ನೇ 'ನೋಡಿ, ನಿಮ್ಮ ಹಲ್ಲಿನ ಹುಳು' ಎಂದು ತೋರಿಸಿ ಕಾಸು ಪಡೆಯುತ್ತಿದ್ದರು. ಫ್ರಾನ್ಸಿನ ಪಿಯರ್ ಫೊಶಾರ್ 1728ರಲ್ಲಿ ಪ್ರಕಟಿಸಿದ ದಂತವೈದ್ಯದ ಗ್ರಂಥದಲ್ಲಿ, ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ಅಂಥ ಹುಳು ಕಾಣಲಿಲ್ಲವೆಂದು ಹೇಳಿ ಆ ಕಥೆಯನ್ನು ತಳ್ಳಿಹಾಕಿದ. ಸುಮಾರು ಮುನ್ನೂರು ವರ್ಷ ಕಳೆದರೂ ನಮ್ಮ ಪಟದಲ್ಲಿ ಹುಳುವಿನ ಕೈಯಿಂದ ಗುದ್ದಲಿ ಇಳಿದಿಲ್ಲ!

ಚಿತ್ರಕಾರನ ಸ್ವಾತಂತ್ರ್ಯವೆಂದು ಬಿಟ್ಟುಬಿಡಬಹುದಿತ್ತು. ತೊಂದರೆ ಏನೆಂದರೆ, ಹುಳು ಇದೆ ಎಂದೊಡನೆ ಅದನ್ನು ಕೊಲ್ಲಬೇಕು, ಉಜ್ಜಿ ತೆಗೆಯಬೇಕು, ಖಾರವಾದದ್ದನ್ನೋ ಉಪ್ಪನ್ನೋ ಹಾಕಿ ಸುಡಬೇಕು ಎಂಬ ಯೋಚನೆ ತಾನಾಗಿಯೇ ಬರುತ್ತದೆ. ಬಾಯಿ ಉರಿಯುವಷ್ಟು ಖಾರವಿದ್ದರೆ ಪೇಸ್ಟು ಕೆಲಸ ಮಾಡುತ್ತಿದೆ ಎಂಬ ಭಾವನೆ ಹುಟ್ಟುವುದು ಇಲ್ಲಿಂದಲೇ. ಬಾಯೊಳಗೆ ನಿಜವಾಗಿ ನಡೆಯುವುದು ಯುದ್ಧವಲ್ಲ, ಒಂದು ರಾಸಾಯನಿಕ ಕೊಡುಕೊಳ್ಳುವಿಕೆ.

ಹಲ್ಲಿನ ಹೊರಕವಚವಾದ ಎನಾಮಲ್ ತೂಕದಲ್ಲಿ ಸುಮಾರು ಶೇಕಡ 96ರಷ್ಟು ಖನಿಜ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಈ ಖನಿಜದ ಹೆಸರು ಹೈಡ್ರಾಕ್ಸಿಅಪಟೈಟ್. ಬಾಯಲ್ಲಿರುವ ಬ್ಯಾಕ್ಟೀರಿಯಗಳು ಹಲ್ಲಿನ ಮೇಲೆ ಅಂಟಂಟಾದ ಪಾಚಿಯಂಥ ಪೊರೆಯನ್ನು ಕಟ್ಟಿಕೊಂಡು ಬಾಳುತ್ತವೆ. ನಾವು ಸಕ್ಕರೆ ತಿಂದಾಗ ಅವೂ ತಿನ್ನುತ್ತವೆ. ಲ್ಯಾಕ್ಟಿಕ್ ಆಮ್ಲವನ್ನು ಹೊರಬಿಡುತ್ತವೆ. ಅಮೆರಿಕದಲ್ಲಿ ಹುಟ್ಟಿ ಬರ್ಲಿನ್ನಿನಲ್ಲಿ ಕೆಲಸ ಮಾಡಿದ ಡಬ್ಲ್ಯು. ಡಿ. ಮಿಲ್ಲರ್ 1890ರಲ್ಲಿ ಈ ವಿವರಣೆಯನ್ನು ಪುಸ್ತಕವಾಗಿ ಮುಂದಿಟ್ಟ. ಪೊರೆಯೊಳಗಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲಿನ ಖನಿಜ ಕರಗತೊಡಗುತ್ತದೆ. ಪಿಎಚ್ ಮೇಲೇರಿದಾಗ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟುಗಳು ಮರಳಿ ಹಲ್ಲಿಗೆ ಸೇರುತ್ತವೆ. ದಿನವಿಡೀ ಈ ಹೋಗುವುದು ಬರುವುದು ನಡೆದೇ ಇರುತ್ತದೆ. ಬಂದದ್ದಕ್ಕಿಂತ ಹೋದದ್ದು ಹೆಚ್ಚಾದರೆ, ಅದು ತಿಂಗಳು ವರ್ಷಗಟ್ಟಲೆ ಮುಂದುವರಿದರೆ ಕುಳಿ ಬೀಳುತ್ತದೆ. ಹುಳುಕು ಒಂದು ದಿನದ ಘಟನೆಯಲ್ಲ, ಜಮಾಖರ್ಚಿನ ಲೆಕ್ಕ. ಕುಳಿಯಾಗುವ ಮೊದಲು, ಎನಾಮಲ್ ಬರಿಯ ಸುಣ್ಣದ ಚುಕ್ಕೆಯಂತೆ ಬೆಳ್ಳಗೆ ಕಂಡಾಗಲೇ ಎಚ್ಚೆತ್ತರೆ, ನಷ್ಟವನ್ನು ತುಂಬಿಕೊಳ್ಳಬಹುದು. ಪಟದ ಹುಳು ಈ ಸಾಧ್ಯತೆಯನ್ನೇ ಮರೆಮಾಚುತ್ತದೆ. ಗುದ್ದಲಿಯಿಂದ ತೋಡಿದ ಗುಂಡಿ ತಾನಾಗಿ ಮುಚ್ಚುವುದುಂಟೇ?

ಈಗ 'ಸಿಹಿ ತಿನ್ನಬೇಡಿ' ಎಂಬ ಸೂಚನೆಗೆ ಬನ್ನಿ. ಪಾಲಿಸಲಾಗದ ಉಪದೇಶ ಇದು, ಆದ್ದರಿಂದ ಯಾರೂ ಪಾಲಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಇದು ಪ್ರಶ್ನೆಯನ್ನೇ ತಪ್ಪಾಗಿ ಇಡುತ್ತದೆ. 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಗ್ಲುಕೋಸ್ ದ್ರಾವಣದಿಂದ ಬಾಯಿ ಮುಕ್ಕಳಿಸಿದವರ ಹಲ್ಲಿನ ಪೊರೆಯ ಪಿಎಚ್ ಅಳೆದ. ಕೆಲವೇ ನಿಮಿಷಗಳಲ್ಲಿ ಅದು ಕಡಿದಾಗಿ ಕುಸಿಯಿತು. ಮೊದಲಿನ ಮಟ್ಟಕ್ಕೆ ಮರಳಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಿತು. ಸಕ್ಕರೆ ಎಷ್ಟು ಎಂಬುದಕ್ಕಿಂತ ಎಷ್ಟು ಸಲ ಎಂಬುದೇ ಹಲ್ಲಿಗೆ ಮುಖ್ಯವಾಗುವುದು ಹೀಗೆ.

ಇದನ್ನು ಕಣ್ಣಿಗೆ ಹೊಡೆಯುವಂತೆ ತೋರಿಸಿದ್ದು ಸ್ವೀಡನ್ನಿನ ವಿಪೆಹೋಲ್ಮ್ ಪ್ರಯೋಗ. 1940ರ ದಶಕದ ಉತ್ತರಾರ್ಧದಲ್ಲಿ ಆರಂಭವಾಗಿ 1954ರಲ್ಲಿ ಇದರ ಫಲಿತಾಂಶ ಪ್ರಕಟವಾಯಿತು. ಊಟದ ಜೊತೆಯಲ್ಲೇ ಸಕ್ಕರೆ ತಿಂದವರಲ್ಲಿ ಹುಳುಕು ಹೆಚ್ಚಿದ್ದು ಅಲ್ಪ. ಊಟದ ನಡುವಿನ ಹೊತ್ತಿನಲ್ಲಿ ಅಂಟಂಟಾದ ಟಾಫಿ ತಿಂದವರಲ್ಲಿ ಅದು ಧುತ್ತನೆ ಏರಿತು. ಟಾಫಿ ನಿಲ್ಲಿಸಿದಾಗ ಇಳಿಯಿತು. ಇಂದಿಗೂ ದಂತವೈದ್ಯ ಶಾಸ್ತ್ರ ಈ ಪ್ರಯೋಗವನ್ನು ಉಲ್ಲೇಖಿಸುತ್ತದೆ, ಆದರೆ ತಲೆತಗ್ಗಿಸಿಕೊಂಡು. ಏಕೆಂದರೆ ಟಾಫಿ ತಿನ್ನಿಸಿದ್ದು ಬುದ್ಧಿಮಾಂದ್ಯರ ಆಸ್ಪತ್ರೆಯ ನಿವಾಸಿಗಳಿಗೆ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಅವರಿರಲಿಲ್ಲ, ಅವರನ್ನು ಯಾರೂ ಕೇಳಲೂ ಇಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಫಲಿತಾಂಶದ ಜೊತೆಗೆ ಇದನ್ನೂ ತಿಳಿದಿರಬೇಕು. ನಮಗೆ ಈ ತಿಳಿವಳಿಕೆ ಸಿಕ್ಕಿದ್ದು ಅವರ ಹಲ್ಲುಗಳ ಬೆಲೆಗೆ.

ಇದನ್ನು ನಮ್ಮ ದಿನಚರಿಗೆ ಅನ್ವಯಿಸಿ ನೋಡಿ. ಹಬ್ಬದೂಟದಲ್ಲಿ ಎರಡು ಹೋಳಿಗೆ ಹೊಡೆದವರು ಬಾಯಿಗೆ ಒಂದು ಸಲದ ಆಮ್ಲ ಕೊಟ್ಟರು. ಶಿಕ್ಷಕರ ಕೊಠಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಐದು ಸಲ ಟೀ, ನಡುವೆ ಎರಡು ಬಿಸ್ಕತ್ತು, ಪಾಠ ಮಾಡುವಾಗ ಗಂಟಲಿಗೆಂದು ಒಂದು ಪೆಪ್ಪರಮಿಂಟು ಎಂದುಕೊಳ್ಳಿ. ಆ ಹಲ್ಲುಗಳಿಗೆ ಚೇತರಿಸಿಕೊಳ್ಳುವ ಬಿಡುವೇ ಇಲ್ಲ. ಬೈಟು ಕಾಫಿಯಿಂದ ಸಕ್ಕರೆ ಅರ್ಧವಾಗುತ್ತದೆ, ಖರ್ಚೂ ಅರ್ಧವಾಗುತ್ತದೆ, ಆದರೆ 'ಸಲ' ಅರ್ಧವಾಗುವುದಿಲ್ಲ. ಸಕ್ಕರೆಯನ್ನು ಬಿಡಲೇಬೇಕಿಲ್ಲ, ಅದನ್ನು ಊಟ ತಿಂಡಿಯ ಹೊತ್ತಿಗೆ ಸೇರಿಸಿ, ನಡುವಿನ ಟೀಗಳಲ್ಲಿ ಒಂದೆರಡನ್ನಾದರೂ ಸಕ್ಕರೆಯಿಲ್ಲದೆ ಕುಡಿದರೂ ಲೆಕ್ಕ ಎಷ್ಟೋ ಸುಧಾರಿಸುತ್ತದೆ. ಇನ್ನು ಬೆಲ್ಲ, ಜೇನುತುಪ್ಪ? ಅವುಗಳಲ್ಲಿ ಏನೇ ಒಳ್ಳೆಯ ಗುಣವಿರಲಿ, ಬ್ಯಾಕ್ಟೀರಿಯಗಳಿಗೆ ಅವೂ ಸಕ್ಕರೆಯೇ. ಒಟ್ಟು ಪ್ರಮಾಣ ಲೆಕ್ಕಕ್ಕಿಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ದಿನದ ಆಹಾರದ ಶಕ್ತಿಯಲ್ಲಿ ಬೆರೆಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆಗಳ ಪಾಲು ಶೇಕಡ 10 ಮೀರಬಾರದೆಂದು ಹೇಳಿತು. ಆ ಮಿತಿಗೆ ಆಧಾರವಾದ ಸಾಕ್ಷ್ಯಗಳಲ್ಲಿ ದಂತಕ್ಷಯದ ಅಧ್ಯಯನಗಳೂ ಇದ್ದವು.

ಇನ್ನು ಪೇಸ್ಟು. ಪಟದಲ್ಲಿ ಬ್ರಷ್ಷಿನ ಉದ್ದಕ್ಕೂ ಹರಡಿದ ಪೇಸ್ಟಿನ ಅಲೆ ಬಂದದ್ದು ಜಾಹೀರಾತಿನಿಂದ, ವಿಜ್ಞಾನದಿಂದಲ್ಲ. ಹೆಚ್ಚು ಹಾಕಿದರೆ ಹೆಚ್ಚು ಮಾರಾಟವಾಗುತ್ತದೆ. ಇದಕ್ಕೆ ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ದೊಡ್ಡವರಿಗೂ ಬಟಾಣಿ ಕಾಳಿಗಿಂತ ಸ್ವಲ್ಪ ಹೆಚ್ಚಿದ್ದರೆ ಧಾರಾಳವಾಯಿತು. ನೊರೆ ಶುಚಿತ್ವದ ಅಳತೆಯಲ್ಲ. ಅದು ಪೇಸ್ಟಿಗೆ ಸೇರಿಸಿದ ನೊರೆಕಾರಕದ ಕೆಲಸ. ಜಾಹೀರಾತಿನ ಬಿಳಿಯ ಕೋಟಿನ ಮಾತನ್ನೂ ಒಮ್ಮೆ ತೂಗಿನೋಡಿ. ಶೇಕಡ 80ಕ್ಕೂ ಹೆಚ್ಚು ದಂತವೈದ್ಯರು ತನ್ನ ಪೇಸ್ಟನ್ನೇ ಶಿಫಾರಸು ಮಾಡುತ್ತಾರೆ ಎಂದು ಕೋಲ್ಗೇಟ್ ಕಂಪೆನಿ ಬ್ರಿಟನ್ನಿನಲ್ಲಿ ಸಾರಿದ್ದನ್ನು ಅಲ್ಲಿನ ಜಾಹೀರಾತು ಮಾನದಂಡ ಪ್ರಾಧಿಕಾರ 2007ರಲ್ಲಿ ದಾರಿತಪ್ಪಿಸುವ ಹೇಳಿಕೆ ಎಂದು ತೀರ್ಮಾನಿಸಿತು. ಸಮೀಕ್ಷೆಯಲ್ಲಿ ವೈದ್ಯರು ಒಂದಕ್ಕಿಂತ ಹೆಚ್ಚು ಪೇಸ್ಟುಗಳ ಹೆಸರು ಹೇಳಬಹುದಿತ್ತು! ಜಾಹೀರಾತನ್ನು ಓದಿದವರಿಗೆ ಮಾತ್ರ ಉಳಿದ ಪೇಸ್ಟುಗಳನ್ನೆಲ್ಲ ಬದಿಗಿಟ್ಟು ಇದೊಂದನ್ನೇ ಆರಿಸಿದರೆಂಬ ಭಾವನೆ ಬರುತ್ತದೆ. ಪ್ರಶ್ನಾವಳಿ ಮತ್ತು ಶೇಕಡಾವಾರು ಕುರಿತ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಹಾಗೆಂದು ಪೇಸ್ಟನ್ನೇ ಬಿಸಾಡಿ ಬೇವಿನ ಕಡ್ಡಿಗೆ ಮರಳೋಣ ಎನ್ನುವವರ ಜೊತೆ ನಾನು ಹೋಗಲಾರೆ. ಪೇಸ್ಟಿನಲ್ಲಿ ಹುಳುಕನ್ನು ತಡೆಯುತ್ತದೆಂದು ಗಟ್ಟಿಯಾದ ಪುರಾವೆ ಇರುವ ಒಂದು ಘಟಕವಿದೆ, ಅದು ಫ್ಲೋರೈಡ್. ಲವಂಗ, ಉಪ್ಪು, ಇದ್ದಿಲು, ಹೆಸರೇ ಕೇಳದ ಬೇರುನಾರು, ಇವೆಲ್ಲ ಪೆಟ್ಟಿಗೆಯ ಮುಂಬದಿಯಲ್ಲಿ ದಪ್ಪಕ್ಷರದಲ್ಲಿರುತ್ತವೆ. ಫ್ಲೋರೈಡಿನ ಪ್ರಮಾಣ ಹಿಂಬದಿಯಲ್ಲಿ ಇರುವೆಯಂಥ ಅಕ್ಷರದಲ್ಲಿ. ಖನಿಜ ಮರಳಿ ಹಲ್ಲಿಗೆ ಸೇರುವಾಗ ಫ್ಲೋರೈಡ್ ಜೊತೆಗಿದ್ದರೆ ಆ ಸೇರುವಿಕೆ ಚುರುಕಾಗುತ್ತದೆ. ಹಾಗೆ ಕಟ್ಟಿಕೊಂಡ ಪದರ ಕರಗಬೇಕಾದರೆ ಪಿಎಚ್ ಇನ್ನೂ ಕೆಳಕ್ಕೆ, ಸುಮಾರು 4.5ರವರೆಗೆ ಇಳಿಯಬೇಕು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೋರೈಡ್ ಪೇಸ್ಟನ್ನು ಅಗತ್ಯ ಔಷಧಿಗಳ ಮಾದರಿ ಪಟ್ಟಿಗೇ ಸೇರಿಸಿತು. ನಮ್ಮ ದೇಶದ ನಿಯಮದಂತೆ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ. ಎಷ್ಟಿದೆ ಎಂಬುದನ್ನು ಟ್ಯೂಬಿನ ಮೇಲೆ ಮುದ್ರಿಸಬೇಕು. ಅಂಗಡಿಯಲ್ಲಿ ನೀವು ಓದಬೇಕಾದದ್ದು ಅದೊಂದೇ ಸಾಲು. ಅದು ಇದ್ದರೆ ಅಗ್ಗದ ಪೇಸ್ಟೂ ಸಾಕು.

ಫ್ಲೋರೈಡ್ ಕೆಲಸ ಮಾಡಬೇಕಾದರೆ ಬಾಯಲ್ಲಿ ಸ್ವಲ್ಪ ಹೊತ್ತು ಉಳಿಯಬೇಕು. ಇಲ್ಲಿ ನಮ್ಮದೊಂದು ಅಭ್ಯಾಸ ಅಡ್ಡಬರುತ್ತದೆ. ಹಲ್ಲುಜ್ಜಿದ ಮೇಲೆ ನಾವು ತಂಬಿಗೆಗಟ್ಟಲೆ ನೀರಿನಲ್ಲಿ ಮುಕ್ಕಳಿಸಿ, ಕ್ಯಾಕರಿಸಿ, ಬಾಯಲ್ಲಿ ಪೇಸ್ಟಿನ ಸುಳಿವೇ ಇಲ್ಲದಂತೆ ಮಾಡುತ್ತೇವೆ. ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಮಾರ್ಗಸೂಚಿ ಹೇಳುವುದು ಇದಕ್ಕೆ ತದ್ವಿರುದ್ಧ: ನೊರೆಯನ್ನು ಉಗುಳಿ, ಮುಕ್ಕಳಿಸಬೇಡಿ. ಮೊದಮೊದಲು ಬಾಯಿ ಅಂಟಂಟೆನಿಸುತ್ತದೆ, ವಾರದಲ್ಲಿ ಒಗ್ಗುತ್ತದೆ. ಆದರೆ ಊಟವಾದೊಡನೆ ಕೈತೊಳೆದು ಬಾಯಿ ಮುಕ್ಕಳಿಸುವ ನಮ್ಮ ಹಿರಿಯರ ರೂಢಿ ಒಳ್ಳೆಯದೇ. ಅದು ಅಗುಳನ್ನು ಕಳೆಯುತ್ತದೆ, ಆಮ್ಲವನ್ನು ತೆಳುಮಾಡುತ್ತದೆ. ಹೋಟೆಲಿನಲ್ಲಿ ಕಾಗದದಿಂದ ಬಾಯೊರಸಿಕೊಂಡು ಏಳುವವರು ಕಳೆದುಕೊಂಡದ್ದು ಇದನ್ನು.

'ದಿನಕ್ಕೆರಡು ಬಾರಿ' ಎಂಬ ಸೂಚನೆ ಸರಿಯೇ. ಆದರೆ ಯಾವ ಎರಡು ಬಾರಿ? ನಮ್ಮಲ್ಲಿ ಬಹುಮಂದಿಗೆ ಬೆಳಿಗ್ಗೆ ಹಲ್ಲುಜ್ಜುವುದು ಸ್ನಾನದಷ್ಟೇ ಅನಿವಾರ್ಯ, ರಾತ್ರಿ ಉಜ್ಜುವುದು ಪಟ್ಟಣದ ಶೋಕಿ. ಶರೀರಕ್ರಿಯೆ ಹೇಳುವುದು ಬೇರೆ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಸುರಿಯುವ ಜೊಲ್ಲು ನಿದ್ದೆಯಲ್ಲಿ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಹಲ್ಲಿನ ಕಾವಲುಗಾರನೇ ಮಲಗಿದಂತೆ. ಆ ಹೊತ್ತಿಗೆ ಹಲ್ಲಿನ ಮೇಲೆ ಹಾಲು ಸಕ್ಕರೆಯ ಲೇಪ ಇರಬೇಕೋ ಫ್ಲೋರೈಡಿನ ಲೇಪ ಇರಬೇಕೋ ನೀವೇ ಹೇಳಿ. ಎರಡರಲ್ಲಿ ಒಂದನ್ನು ಬಿಡಲೇಬೇಕಾದರೆ ಬೆಳಗಿನದನ್ನು ಬಿಡಿ ಎನ್ನಬಹುದಿತ್ತು, ಮನೆಯವರು ಒಪ್ಪಲಾರರು. 'ಊಟವಾದ ಕೂಡಲೇ' ಎಂಬುದಕ್ಕೂ ತಿದ್ದುಪಡಿ ಬೇಕು. ಹುಳಿಹಣ್ಣು, ನಿಂಬೆಪಾನಕ, ಸೋಡಾದಂಥವು ಎನಾಮಲಿನ ಮೇಲ್ಮೈಯನ್ನು ಕ್ಷಣಕಾಲ ಮೆದುವಾಗಿಸುತ್ತವೆ. ಆಗಲೇ ಉಜ್ಜಿದರೆ ಸವೆತ ಹೆಚ್ಚು ಎನ್ನುತ್ತಾರೆ. ಇದರಲ್ಲಿ ಅಧ್ಯಯನಗಳೆಲ್ಲ ಒಂದೇ ದನಿಯಲ್ಲಿ ಇಲ್ಲ. ಆದರೂ ಅರ್ಧ ಗಂಟೆ ಕಾಯುವುದರಿಂದ ನಷ್ಟವಿಲ್ಲ.

ಸವೆತದ ಮಾತು ಬಂದಾಗ ಇದ್ದಿಲು, ಉಪ್ಪು, ಇಟ್ಟಿಗೆ ಪುಡಿಗಳನ್ನು ನೆನೆಯಬೇಕು. ಉಪ್ಪಿನ ಕಥೆ ಸ್ವಾರಸ್ಯಕರ. ಬಾಯಿಯ ಬ್ಯಾಕ್ಟೀರಿಯಗಳನ್ನು ಮೊಟ್ಟಮೊದಲು ಕಂಡವನು ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್. 1683ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ತಾನು ಪ್ರತಿ ಬೆಳಿಗ್ಗೆ ಉಪ್ಪಿನಿಂದ ಹಲ್ಲುಜ್ಜುತ್ತೇನೆಂದೂ ಬಟ್ಟೆಯಿಂದ ಒರೆಸುತ್ತೇನೆಂದೂ ತಿಳಿಸುತ್ತಾನೆ. ಅಷ್ಟಾದರೂ ಹಲ್ಲುಗಳ ಸಂದಿಯಲ್ಲಿ ಬೆಳ್ಳಗೆ ಅಂಟಿದ್ದುದನ್ನು ತೆಗೆದು ತನ್ನ ಮಸೂರದಡಿ ಇಟ್ಟಾಗ ಅದರಲ್ಲಿ ಮಿಸುಕಾಡುವ ಜೀವಿಗಳ ಸಂತೆಯೇ ಇತ್ತು! ಉಪ್ಪು ಇದ್ದರೆ ಸಾಕೆಂಬ ಜಾಹೀರಾತುಗಳಿಗೆ ಉತ್ತರ ಸಿಕ್ಕಿ ಮುನ್ನೂರು ವರ್ಷಗಳಾದವು. ಇದ್ದಿಲಿನ ಬಗ್ಗೆ 2017ರಲ್ಲಿ ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ ಬಂದ ಸಮೀಕ್ಷೆ, ಅದರಿಂದ ಪ್ರಯೋಜನವಿದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದಿತು. ಒರಟು ಪುಡಿಯಿಂದ, ಗಡಸು ಬ್ರಷ್ಷಿನಿಂದ ಅಡ್ಡಡ್ಡ ತಿಕ್ಕುವವರ ಹಲ್ಲಿನ ಬುಡದಲ್ಲಿ ಕೊಡಲಿ ಕಚ್ಚಿನಂಥ ಗೀರು ಬೀಳುತ್ತದೆ; ಒಳಗಿನ ಡೆಂಟೀನ್ ತೆರೆದುಕೊಂಡು ತಣ್ಣೀರಿಗೂ ಹಲ್ಲು ಜುಮ್ಮೆನ್ನುತ್ತದೆ. ಬೇವಿನ ಕಡ್ಡಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಬಳಸುವವರು ಪೊರೆಯನ್ನು ತೆಗೆಯಬಲ್ಲರು. ಅದರಲ್ಲಿ ಇಲ್ಲದ್ದು ಫ್ಲೋರೈಡ್. ತಲುಪದ್ದು ಹಿಂದಿನ ದವಡೆಹಲ್ಲಿನ ಒಳಮೈ.

ಫ್ಲೋರೈಡ್ ವಿಷವಲ್ಲವೇ ಎಂಬ ಪ್ರಶ್ನೆಯನ್ನು ನಮ್ಮ ರಾಜ್ಯದಲ್ಲಿ ಯಾರೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆಯ ಶಿಕ್ಷಕರು ಕಂದುಗಟ್ಟಿದ ಹಲ್ಲುಗಳನ್ನು ತರಗತಿಯಲ್ಲೇ ಕಂಡಿದ್ದಾರೆ; ಬಗ್ಗಿದ ಬೆನ್ನುಗಳನ್ನು ಊರಿನಲ್ಲಿ ಕಂಡಿದ್ದಾರೆ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿನ ಇಂಥದೇ ಕಂದು ಹಲ್ಲುಗಳ ಬೆನ್ನುಹತ್ತಿದ ದಂತವೈದ್ಯ ಫ್ರೆಡರಿಕ್ ಮೆಕೇ, ಅವು ಅಂದಗೆಟ್ಟಿದ್ದರೂ ಹುಳುಕು ಹಿಡಿದಿಲ್ಲವೆಂಬುದನ್ನು ಗಮನಿಸಿದ್ದ. ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ. ಗುಣ ದೋಷ ಎರಡೂ ಒಂದೇ ವಸ್ತುವಿನವು, ವ್ಯತ್ಯಾಸ ಪ್ರಮಾಣದ್ದು. ಲೆಕ್ಕ ಮಾಡಿ ನೋಡಿ. 1000 ಪಿಪಿಎಂ ಎಂದರೆ ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್. ಅರ್ಧ ಗ್ರಾಂ ಪೇಸ್ಟು ಹಾಕಿಕೊಂಡು ಅದರಲ್ಲಿ ಹೆಚ್ಚಿನದನ್ನು ಉಗುಳುವವರ ಹೊಟ್ಟೆಗೆ ಹೋಗುವುದು ಅತ್ಯಲ್ಪ. ಲೀಟರಿಗೆ 4 ಮಿಲಿಗ್ರಾಂ ಫ್ಲೋರೈಡ್ ಇರುವ ಕೊಳವೆಬಾವಿಯ ನೀರನ್ನು ದಿನಕ್ಕೆ ಮೂರು ಲೀಟರ್ ಕುಡಿದರೆ 12 ಮಿಲಿಗ್ರಾಂ ನೇರವಾಗಿ ಒಳಗೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದಾಗ 1.5 ಕೊನೆಯ ಮಿತಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಆದ್ದರಿಂದ ಆ ಊರುಗಳಲ್ಲಿ ಹೋರಾಟ ನಡೆಯಬೇಕಾದದ್ದು ನೀರಿಗಾಗಿ. ಹಲ್ಲಿನ ಮೇಲೆ ಕಲೆ ಬೀಳುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಸುಮಾರು ಎಂಟು ವರ್ಷದೊಳಗಿನ ವಯಸ್ಸಿನಲ್ಲಿ. ದೊಡ್ಡವರಿಗೆ ಪೇಸ್ಟಿನಿಂದ ಹೊಸದಾಗಿ ಅದು ಬರುವುದಿಲ್ಲ. ಪೇಸ್ಟು ನುಂಗುವ ಪುಟ್ಟ ಮಕ್ಕಳ ಮಾತು ಬೇರೆ. ಅಲ್ಲಿ ನೀರಿನ ಪರೀಕ್ಷೆಯ ಫಲಿತಾಂಶ ಹಿಡಿದುಕೊಂಡು ದಂತವೈದ್ಯರನ್ನು ಕೇಳುವುದೇ ಸರಿ.

ಪಟದ ದೊಡ್ಡ ಕೊರತೆಯನ್ನು ಇನ್ನೂ ಹೇಳಿಲ್ಲ. ಅದರಲ್ಲಿ ಹಲ್ಲು ಇದೆ, ವಸಡು ಇಲ್ಲ. ನಗುಮುಖದ ಹಲ್ಲು ಗಾಳಿಯಲ್ಲಿ ನಿಂತಿದೆ! ನಡುವಯಸ್ಸಿನ ಮೇಲೆ ಹಲ್ಲು ಅಲುಗಾಡಿ ಬೀಳುವುದಕ್ಕೆ ಬಹುಮಟ್ಟಿಗೆ ಕಾರಣ ಹುಳುಕಲ್ಲ, ವಸಡಿನ ರೋಗ. ಇದನ್ನು ನಾವು 'ವಯಸ್ಸಾಯಿತು' ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುತ್ತೇವೆ. 1965ರಲ್ಲಿ ಹರಾಲ್ಡ್ ಲೊ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಆರೋಗ್ಯವಂತರಾದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದಾಗ ಒಂದು ವಾರದ ಸುಮಾರಿಗೆ ಸರಿಹೋಯಿತು. ಹುಳುಕಿನಲ್ಲಿ ಸಕ್ಕರೆ ಮತ್ತು ಫ್ಲೋರೈಡ್ ಮುಖ್ಯ ಪಾತ್ರಧಾರಿಗಳು. ವಸಡಿನಲ್ಲಿ ಪೊರೆಯನ್ನು ತೆಗೆಯುವುದೇ ಮುಖ್ಯ. ಎರಡು ಬೇರೆ ರೋಗಗಳನ್ನು 'ಹಲ್ಲುಜ್ಜಿ' ಎಂಬ ಒಂದೇ ಪದದಲ್ಲಿ ಕಟ್ಟಿದ್ದರಿಂದ, ಹಲ್ಲಿನ ಬಿಳುಪನ್ನು ಉಜ್ಜಿ ವಸಡಿನ ಅಂಚನ್ನು ಬಿಡುವ ಅಭ್ಯಾಸ ನಮ್ಮದಾಗಿದೆ.

ಉಜ್ಜುವಾಗ ರಕ್ತ ಬಂದರೆ ಜನ ಆ ಜಾಗವನ್ನು ಬಿಟ್ಟು ಉಜ್ಜುತ್ತಾರೆ. ಮಾಡಬೇಕಾದದ್ದು ಇದಕ್ಕೆ ಉಲ್ಟಾ: ಅಲ್ಲೇ ಮೃದುವಾಗಿ, ಹೆಚ್ಚು ಗಮನವಿಟ್ಟು ಉಜ್ಜಬೇಕು. ಎರಡು ವಾರದಲ್ಲೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ಬೀಡಿ ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ. ಅದು ಆರೋಗ್ಯವಲ್ಲ, ರಕ್ತನಾಳಗಳು ಕುಗ್ಗಿ ಎಚ್ಚರಿಕೆಯ ಗಂಟೆಯೇ ಬಾರಿಸದಂತಾಗಿದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ವಸಡಿನ ರೋಗ ಬಿರುಸು. ಬ್ರಷ್ಷನ್ನು ಹಲ್ಲು ವಸಡು ಕೂಡುವ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು ಸಣ್ಣಗೆ ಅಲುಗಿಸುವ ವಿಧಾನವನ್ನು ರೂಢಿಗೆ ತಂದವರು ಅಮೆರಿಕದ ವೈದ್ಯ ಚಾರ್ಲ್ಸ್ ಬಾಸ್, 1940ರ ದಶಕದಲ್ಲಿ. ಬ್ರಷ್ ಮೆದುವಾಗಿರಲಿ. ದವಡೆಹಲ್ಲಿನ ಐದು ಮೈಗಳಲ್ಲಿ ಬ್ರಷ್ ಮುಟ್ಟುವುದು ಮೂರನ್ನು; ಸಂದಿಯ ಎರಡು ಉಳಿಯುತ್ತವೆ. ಅವಕ್ಕೆ ದಾರ ಅಥವಾ ಸಂದಿಯ ಪುಟ್ಟ ಬ್ರಷ್. ದಾರದ ಉಪಯೋಗಕ್ಕೆ ಪುರಾವೆ ದುರ್ಬಲವೆಂದು 2016ರಲ್ಲಿ ಪತ್ರಿಕೆಗಳು ಗದ್ದಲ ಮಾಡಿದ್ದವು. 2019ರ ಕಾಕ್ರೇನ್ ಸಮೀಕ್ಷೆ, ಬ್ರಷ್ಷಿನ ಜೊತೆ ದಾರವನ್ನೂ ಬಳಸಿದರೆ ವಸಡಿನ ಊತ ಕಡಿಮೆಯಾಗಬಹುದು ಎಂದಿತು. ಆದರೆ ಪುರಾವೆಯ ಖಚಿತತೆ ಕಡಿಮೆ ಎಂಬುದನ್ನೂ ಸೇರಿಸಿತು. ಅಷ್ಟನ್ನೇ ಹೇಳಬೇಕು, ಹೆಚ್ಚಲ್ಲ. ಗುಂಡುಸೂಜಿ, ಸೇಫ್ಟಿಪಿನ್ನುಗಳಿಂದ ಸಂದಿ ಕೆದಕುವುದಕ್ಕೆ ಮಾತ್ರ ಯಾವ ಸಮೀಕ್ಷೆಯ ಬೆಂಬಲವೂ ಇಲ್ಲ.

ತೆಗೆಯದೆ ಬಿಟ್ಟ ಪೊರೆಗೆ ಜೊಲ್ಲಿನ ಕ್ಯಾಲ್ಸಿಯಂ ಸೇರಿ ಅದು ಗಾರೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಬ್ರಷ್ಷಿಗೆ ಜಗ್ಗುವುದಿಲ್ಲ. ವೈದ್ಯರೇ ಕೆರೆದು ತೆಗೆಯಬೇಕು. 'ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ' ಎಂಬ ಮಾತನ್ನು ಓದಿದವರೂ ಆಡುತ್ತಾರೆ. ಹಲ್ಲನ್ನು ಹಿಡಿದಿದ್ದ ಮೂಳೆ ಆಗಲೇ ಕರಗಿರುತ್ತದೆ, ಗಾರೆ ಅದನ್ನು ಮುಚ್ಚಿಟ್ಟಿರುತ್ತದೆ. ಗಾರೆ ಕಿತ್ತಾಗ ಕಾಣುವ ಸಂದಿ ಹಳೆಯದು.

ಎಲೆಅಡಿಕೆ ಹಲ್ಲಿಗೆ ಬಲ ಎಂಬ ನಂಬಿಕೆಯನ್ನು ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದಲ್ಲಿ ಪ್ರಶ್ನಿಸುವುದು ಸುಲಭವಲ್ಲ. ಆದರೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿತು. ಬಾಯಿ ತೆರೆಯಲಾಗದಂತೆ ಕೆನ್ನೆಯ ಒಳಪದರ ಬಿಗಿಯುವ ರೋಗವೂ ಇದರದೇ. ತಂಬಾಕು ಬೆರೆಸಿದ ಪೇಸ್ಟು, ಹಲ್ಲುಪುಡಿಗಳ ತಯಾರಿಕೆ ಮಾರಾಟವನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿತು. ಮನೆಯ ಹಿತ್ತಲಲ್ಲಿ ನಶ್ಯವನ್ನು ಬೆರಳಿಗೆ ಹಚ್ಚಿ ವಸಡಿಗೆ ತಿಕ್ಕುವ ಅಜ್ಜಿಯಂದಿರಿಗೆ ಆ ಸುದ್ದಿ ತಲುಪಿಲ್ಲ. ಪಟದಲ್ಲಿ ಇದಕ್ಕೊಂದು ಚೌಕ ಮೀಸಲಿಡುವುದು ಚಾಕಲೇಟಿನ ಚಿತ್ರಕ್ಕಿಂತ ಮೇಲು.

'ಆರು ತಿಂಗಳಿಗೊಮ್ಮೆ' ಎಂಬುದು ಎಲ್ಲರಿಗೂ ಒಪ್ಪುವ ಸಂಖ್ಯೆಯೇನಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2004ರಲ್ಲಿ, ವಯಸ್ಕರಿಗೆ ಅವರವರ ಅಪಾಯದ ಮಟ್ಟ ನೋಡಿ 3 ತಿಂಗಳಿಂದ 24 ತಿಂಗಳವರೆಗಿನ ಅಂತರ ಸಾಕೆಂದು ಸೂಚಿಸಿತು. ಆರು ತಿಂಗಳ ಮಾತು ಕೇಳಿ ಹೆದರಿ ಒಮ್ಮೆಯೂ ಹೋಗದವರಿಗೆ ವರ್ಷಕ್ಕೊಮ್ಮೆಯಾದರೂ ತೋರಿಸಿ ಎನ್ನುವುದು ಹೆಚ್ಚು ಫಲ ಕೊಟ್ಟೀತು.

ತರಗತಿಗೆ ಸಂಬಂಧಿಸಿ ಎರಡು ಮಾತು. ಕೋಳಿಮೊಟ್ಟೆಗೆ ಪೇಸ್ಟು ಬಳಿದು ವಿನೆಗರಿನಲ್ಲಿ ಮುಳುಗಿಸಿ 'ನೋಡಿ, ಪೇಸ್ಟು ಹಲ್ಲನ್ನು ಹೀಗೆ ಕಾಪಾಡುತ್ತದೆ' ಎನ್ನುವ ಪ್ರಾತ್ಯಕ್ಷಿಕೆ ಬಹಳ ಜನಪ್ರಿಯ. ಅದನ್ನು ತೋರಿಸುವುದಾದರೆ ಅದರ ದೌರ್ಬಲ್ಯವನ್ನೂ ತೋರಿಸಿ. ಮೊಟ್ಟೆಯ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬನೇಟ್, ಹೈಡ್ರಾಕ್ಸಿಅಪಟೈಟ್ ಅಲ್ಲ. ಅಲ್ಲಿ ಜೊಲ್ಲಿಲ್ಲ, ಖನಿಜ ಮರಳಿ ಸೇರುವ ಮಾತೇ ಇಲ್ಲ. ದಪ್ಪಗೆ ಮೆತ್ತಿದ ಯಾವ ಪದಾರ್ಥವೂ ಆಮ್ಲವನ್ನು ಸ್ವಲ್ಪ ಹೊತ್ತು ತಡೆದೀತು. ಪೇಸ್ಟಿನ ಬದಲು ವ್ಯಾಸಲೀನ್ ಬಳಿದ ಇನ್ನೊಂದು ಮೊಟ್ಟೆಯನ್ನು ಪಕ್ಕದಲ್ಲಿಡಿ. ಹೋಲಿಕೆಯ ಮಾದರಿ ಏಕೆ ಬೇಕೆಂಬುದು ವಿದ್ಯಾರ್ಥಿಗಳಿಗೆ ತಾನಾಗಿ ಹೊಳೆಯುತ್ತದೆ.

ಇದಕ್ಕಿಂತ ಉಪಯುಕ್ತವಾದ ಪರೀಕ್ಷೆಗೆ ಬೇಕಾದದ್ದು ಕನ್ನಡಿ, ಒಂದು ಚಮಚ ನೀರು ಮತ್ತು ಅಡುಗೆಗೆ ಬಳಸುವ ಕೆಂಪು ಬಣ್ಣದ ನಾಲ್ಕು ಹನಿ. ಎಂದಿನಂತೆ ಹಲ್ಲುಜ್ಜಿದ ಮೇಲೆ ಈ ಬಣ್ಣದ ನೀರನ್ನು ಬಾಯಲ್ಲಿ ಅರ್ಧ ನಿಮಿಷ ಆಡಿಸಿ ಉಗುಳಿ, ಒಮ್ಮೆ ಶುದ್ಧ ನೀರಿನಲ್ಲಿ ಮುಕ್ಕಳಿಸಿ ಕನ್ನಡಿ ನೋಡಿಕೊಳ್ಳಿ. ಪೊರೆ ಉಳಿದ ಕಡೆ ಬಣ್ಣ ಹಿಡಿದಿರುತ್ತದೆ. ಹೆಚ್ಚಿನವರಿಗೆ ಅದು ಕಾಣುವುದು ವಸಡಿನ ಅಂಚಿನಲ್ಲಿ, ಸಂದಿಗಳಲ್ಲಿ, ಕೆಳಗಿನ ಮುಂಬಲ್ಲುಗಳ ಒಳಮೈಯಲ್ಲಿ, ಮೇಲಿನ ದವಡೆಹಲ್ಲುಗಳ ಕೆನ್ನೆಯ ಕಡೆಯಲ್ಲಿ. ಈ ಕೊನೆಯ ಎರಡು ಜಾಗಗಳ ಎದುರಿಗೇ ಜೊಲ್ಲಿನ ಗ್ರಂಥಿಗಳ ನಾಳಗಳು ಬಾಯಿಗೆ ತೆರೆದುಕೊಳ್ಳುತ್ತವೆ. ಗಾರೆ ಮೊದಲು ಕಟ್ಟುವುದೂ ಅಲ್ಲಿಯೇ. ಶಿಕ್ಷಕರು ಮೊದಲು ತಮ್ಮ ಬಾಯಲ್ಲೇ ಇದನ್ನು ಮಾಡಿ ನೋಡುವುದು ಒಳಿತು. ಬಣ್ಣ ಸಂಜೆಯ ಹೊತ್ತಿಗೆ ಹೋಗುತ್ತದೆ, ಆದ್ದರಿಂದ ಭಾನುವಾರ ಆರಿಸಿಕೊಳ್ಳಿ.